ಬಯಕೆಗೆ ಮಾಡಿದ ಚೀಸ್ ಗೊಜ್ಜು

ಬಸುರಿಯರ ಬಯಕೆ ಊಟಕ್ಕೆ ಅಡುಗೆ ಮಾಡುವುದು ನನ್ನ ಕೆಲಸ. ತಮಿಳು ಸೀಮೆಯ ಕಂಬಂ ಸುತ್ತಮುತ್ತ ಕನ್ನಡ ಮಾತಾಡುವ ನಮ್ಮವರ ಮನೆಗಳಲ್ಲಿ ಬಳೆ ತೊಡಿಸುವ ಶಾಸ್ತ್ರವಿದ್ದರೆ ಚಿತ್ರಾನ್ನ, ಪುಳಿಯೋಗರೆ, ಕಾಯಿ ಅನ್ನ, ಮೊಸರನ್ನಕ್ಕೆ ನನ್ನನ್ನು ಕರೆಯುತ್ತಾರೆ. ಅದರ ಜೊತೆಗೆ ಬಸುರಿ ಬಾಯಿಬಿಟ್ಟು ಕೇಳಿದ ಒಂದು ತಿನಿಸನ್ನೂ ಮಾಡಬೇಕು. ಹಸಿ ಮಾವಿನಕಾಯಿ ಕೇಳಿದವರಿದ್ದಾರೆ, ಒಣಮೀನು ಸುಟ್ಟುಕೊಡು ಎಂದು ಅತ್ತೆಗೆ ಕೇಳಿಸದ ಹಾಗೆ ನನ್ನ ಕಿವಿಯಲ್ಲಿ ಹೇಳಿದವರೂ ಇದ್ದಾರೆ. ಮೆಕ್ಸಿಕೋ ದೇಶದ ಕರಗಿದ ಚೀಸ್ ಬೇಕು ಅಂದವಳು ಮಾತ್ರ ಇವಳೊಬ್ಬಳೇ.

ಹುಡುಗಿ ಸುರುಳಿಪಟ್ಟಿ ದಾರಿಯ ಒಂದು ದ್ರಾಕ್ಷಿ ತೋಟದ ಮನೆಯವಳು. ದಿಂಡಿಗಲ್‌ಗೆ ಕೊಟ್ಟಿದ್ದರು, ಅಲ್ಲೇ ಶಾಲೆಯಲ್ಲಿ ಟೀಚರ್. ಮದುರೆಯ ಸಿನಿಮಾ ಹಾಲ್‌ನಲ್ಲಿ ಗಂಡ ಕೊಡಿಸಿದ್ದನ್ನು ತಿಂದು ಅದರ ರುಚಿ ನಾಲಿಗೆಗೆ ಅಂಟಿಕೊಂಡಿತ್ತು. ಅವಳ ಅಮ್ಮ ನನ್ನ ಮನೆಗೇ ಬಂದು ಕೂತಳು.

"ಅಕ್ಕಾ, ಜೋಳದ್ ಚಿಪ್ಸ್ ಅದ್ಕಂಡ್ ತಿನ್ನೋದಂತೆ. ಅರಿಶ್ಣದ್ ಮಂಜಾ ಕಲರು, ಗಂಜಿ ತರ ಇರ್ತದಂತೆ. ಚೀಸಂತೆ. ನಿನಗ್ ಮಾಡಕ್ ಬತ್ತದಾ?"

"ಬರದೇ ಏನು? ಒಂದು ಗೊಜ್ಜು ತಾನೆ," ಅಂದೆ. ನನ್ನ ಬಾಯಿಗೆ ಯಾವಾಗಲೂ ಸ್ವಲ್ಪ ಜಾಸ್ತಿಯೇ ಧೈರ್ಯ.

ಹೊರಡುವಾಗ ಅವಳು ನನ್ನ ಕೈ ಹಿಡಿದುಕೊಂಡಳು. ಹೋದ ಸಲ ಮಗಳಿಗೆ ಐದನೇ ತಿಂಗಳಲ್ಲೇ ಹೋಗಿಬಿಟ್ಟಿತ್ತು. ಈ ಸಲ ಏಳಕ್ಕೆ ಬಂದಿದೆ, ಆದರೂ ರಕ್ತದ ಒತ್ತಡ ಏರುತ್ತ ಇಳಿಯುತ್ತ ಇದೆ. ಅವಳು ಹೆದರುವ ಹಾಗೆ, ಅಳುವ ಹಾಗೆ ಯಾರೂ ಏನೂ ಮಾಡಬಾರದು ಎಂದು ಡಾಕ್ಟರಮ್ಮ ಖಂಡಿತವಾಗಿ ಹೇಳಿದ್ದಾರಂತೆ. "ನಗ್ತಾ ಇರಬೇಕು ಅಕ್ಕಾ ಅವಳು. ಅಷ್ಟೇ ಪೋದುಂ," ಅಂದಳು. ಅವಳ ಕಣ್ಣಲ್ಲಿದ್ದ ಭಯ ಆವತ್ತೇ ನನಗೂ ಸ್ವಲ್ಪ ಹತ್ತಿತು.

ಬಯಕೆ ಅಡುಗೆಗೆ ನಮ್ಮಲ್ಲಿ ಎರಡು ಕಟ್ಟಳೆ. ಒಂದು, ಉಪ್ಪಿನ ಹರಳಿನಿಂದ ಹಿಡಿದು ಎಣ್ಣೆಯವರೆಗೆ ಎಲ್ಲ ಸಾಮಾನೂ ತವರುಮನೆಯ ಅಡುಗೆಮನೆಯದೇ ಆಗಬೇಕು. ಅಡುಗೆಯವಳು ತನ್ನ ಎರಡು ಕೈ ಬಿಟ್ಟು ಬೇರೇನೂ ತರುವ ಹಾಗಿಲ್ಲ. ಇನ್ನೊಂದು, ಬಸುರಿ ಬಾಯಿಗಿಡುವ ಮೊದಲು ಯಾರೂ ಅದರ ರುಚಿ ನೋಡಬಾರದು. ನೋಡಿದರೆ ಎಂಜಲು, ಅದನ್ನು ಅವಳಿಗೆ ಕೊಡುವ ಹಾಗಿಲ್ಲ. ಉಪ್ಪು ಖಾರವನ್ನು ಕೈಯಳತೆಯಲ್ಲಿ, ವಾಸನೆಯಲ್ಲಿ ತಿಳಿದುಕೊಳ್ಳಬೇಕು. ಈ ವಿಷಯದಲ್ಲಿ ನನಗೆ ಒಳ್ಳೆ ಜಂಬವಿತ್ತು. ಇಷ್ಟು ವರ್ಷದಲ್ಲಿ ನನ್ನ ಕೈಯಳತೆ ತಪ್ಪಿದೆ ಎಂದು ಒಬ್ಬರೂ ಹೇಳಿಲ್ಲ.

ಚೀಸಿನ ಕೈಯಳತೆ ನನಗೆಲ್ಲಿ ಗೊತ್ತು! ಅದಕ್ಕೇ ಮನೆಯಲ್ಲಿ ಮೊದಲೇ ಮಾಡಿ ನೋಡಿದೆ. ಮೊದಲ ಸಲ ಅಂಗಡಿಯ ಚೀಸ್ ಹಾಳೆಗಳನ್ನು ಹಾಲಿಗೆ ಹಾಕಿ, ಗಟ್ಟಿಯಾಗಲಿ ಎಂದು ಮೈದಾ ಸೇರಿಸಿದೆ. ಬಿಸಿಯಿರುವಾಗ ಚೆನ್ನಾಗಿಯೇ ಇತ್ತು, ಆರಿದ ಮೇಲೆ ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದಾಯಿತು. ಎರಡನೇ ಸಲ ತೇನಿಯಿಂದ ಕೊಡೈಕೆನಾಲ್ ಬೆಟ್ಟದ ಗಟ್ಟಿ ಚೀಸ್ ತಂದು, ತುರಿದು, ಕುದಿಯುವ ಹಾಲಿಗೆ ಸುರಿದೆ. ಅಯ್ಯಯ್ಯೋ, ಕಣ್ಣೆದುರೇ ಒಡೆಯಿತು. ಮೇಲೆಲ್ಲ ಎಣ್ಣೆ, ತಳದಲ್ಲಿ ಜಗ್ಗಿದರೂ ಹರಿಯದ ಉಂಡೆ. ನಮ್ಮ ಮನೆಯವರು ಅದನ್ನು ಬೆರಳಲ್ಲಿ ಎಳೆದು ನೋಡಿ, "ಸೈಕಲ್ ಟ್ಯೂಬ್ ಪಂಚರಿಗೆ ಆತದೆ, ಎತ್ತಿಕ್ಕು," ಅಂದರು.

ಆಮೇಲೆ ಫೋನಿನಲ್ಲಿ ಹುಡುಕಿ ಹುಡುಕಿ ದಾರಿ ಸಿಕ್ಕಿತು. ನಿಂಬೆರಸಕ್ಕೆ ಅಡುಗೆ ಸೋಡಾ ಹಾಕಬೇಕು. ಬುಸ್ಸೆಂದು ನೊರೆ ಏಳುತ್ತದೆ. ನೊರೆ ನಿಂತ ಮೇಲೆ ಇನ್ನೊಂದು ಚಿಟಿಕೆ ಉದುರಿಸಿದರೆ ಮತ್ತೆ ಏಳಬಾರದು, ಅಲ್ಲಿಗೆ ನಿಂಬೆಯ ಹುಳಿ ತೀರಿತು ಎಂದು ಲೆಕ್ಕ. ಉಳಿದ ತಿಳಿನೀರನ್ನು ಸಣ್ಣ ಉರಿಯಲ್ಲಿಟ್ಟು, ಹಾಲು ಬೆರೆಸಿ, ತುರಿದ ಚೀಸನ್ನು ಹಿಡಿ ಹಿಡಿಯಾಗಿ ಹಾಕುತ್ತ ಕೈ ಬಿಡದೆ ತಿರುಗಿಸಬೇಕು. ಆ ನೀರು ಚೀಸಿನ ಜಿಡ್ಡನ್ನು ಬಿಟ್ಟುಹೋಗದ ಹಾಗೆ ಹಿಡಿದುಕೊಳ್ಳುತ್ತದೆ. ಸುಟ್ಟ ಹಸಿಮೆಣಸು, ಬಾಡಿಸಿದ ಸಾಂಬಾರ್ ಈರುಳ್ಳಿ, ಬೀಜ ತೆಗೆದ ಟೊಮೆಟೊ ಕೊನೆಗೆ. ಈ ಸಲ ಸೌಟಿನಿಂದ ರೇಷ್ಮೆ ಹಾಗೆ ಇಳಿಯಿತು. ನಾನೇ ಅರ್ಧ ಬಟ್ಟಲು ತಿಂದೆ.

ಶಾಸ್ತ್ರದ ದಿನ ಬೆಳಗ್ಗೆಯಿಂದ ಹಿಂಗಾರಿನ ಐಪ್ಪಸಿ ತಿಂಗಳ ಜಿಟಿಜಿಟಿ ಮಳೆ. ಚಪ್ಪರದ ಬಳ್ಳಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅನ್ನದ ಬಗೆಗಳನ್ನೆಲ್ಲ ಮುಗಿಸಿ, ಬಳೆ ಏರಿಸುವ ಹೊತ್ತಿಗೆ ಚೀಸಿಗೆ ಕೈ ಹಾಕಿದೆ, ಏಕೆಂದರೆ ಅದು ಬಿಸಿಯಾಗಿಯೇ ಹೋಗಬೇಕು. ಹುಡುಗಿಯ ಅಮ್ಮ ನಿಂಬೆ ಹಿಂಡಿಕೊಟ್ಟಳು.

"ಆಪ್ಪ ಸೋಡಾ ಎಲ್ಲಮ್ಮಾ?" ಅಂದೆ. ಅಡುಗೆ ಸೋಡಾಕ್ಕೆ ನಮ್ಮ ಕಡೆ ಹಾಗೇ ಅನ್ನುವುದು.

ಅವಳು ಒಲೆಯ ಮೇಲಿನ ಹಲಗೆಗೆ ಕೈಚಾಚಿ, ಕಾಫಿ ಪುಡಿಯ ಹಳೇ ಗಾಜಿನ ಬಾಟಲಿಯೊಂದನ್ನು ಇಳಿಸಿ, "ಇಕ್ಕ, ಓದ್ ವಾರ ತುಂಬಿಟ್ಟಿದ್ದು," ಎಂದು ಕೊಟ್ಟು ಓಡಿದಳು. ಅವಳಿಗೆ ಆವತ್ತು ಹತ್ತು ಕಡೆ ಕೆಲಸ.

ಸೋಡಾ ಹಾಕಿದೆ. ನೊರೆ ಎದ್ದಿತು, ನಿಂತಿತು. ಆದರೆ ನೀರು ತಿಳಿಯಾಗಲಿಲ್ಲ, ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿಯೇ ಉಳಿಯಿತು. ನಿಂಬೆರಸ ಸೋಸದೆ ಕೊಟ್ಟಿದ್ದಾಳೆ, ತಿರುಳು ಇರಬೇಕು ಅಂದುಕೊಂಡೆ. ಮೆಣಸಿನಕಾಯಿ ಸುಡುವ ಘಾಟಿಗೆ ಮೂಗು ಕಟ್ಟಿಹೋಗಿತ್ತು. ಚೀಸ್ ಚೆನ್ನಾಗಿ ಕರಗಿತು, ಒಡೆಯಲೂ ಇಲ್ಲ. ಪಿಂಗಾಣಿ ಬೋಗುಣಿಗೆ ಸುರಿದು, ಸುತ್ತ ಜೋಳದ ಚಿಪ್ಸ್ ಜೋಡಿಸಿದೆ. ಅಮ್ಮನೇ ಬಂದು ಎತ್ತಿಕೊಂಡು ಹೋದಳು. ಅಬ್ಬಾ, ಗೆದ್ದೆ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ನಿಂಬೆ ಸೋಡಾ ಕಲಸಿದ ಪಾತ್ರೆಯನ್ನು ತೊಳೆಯಲು ಬಗ್ಗಿದಾಗ ತಳದಲ್ಲಿ ಏನೋ ಕೂತಿತ್ತು. ಬೆರಳಲ್ಲಿ ಉಜ್ಜಿದೆ. ತಿರುಳಲ್ಲ, ನುಣ್ಣನೆಯ ಮಾಸಲು ಮಡ್ಡಿ. ಬಿಸಿನೀರು ಹಾಕಿದರೂ ಕರಗಲಿಲ್ಲ. ಸೋಡಾ ಕರಗದೆ ಇರುವುದುಂಟೇ? ಬೆರಳನ್ನು ಮೂಗಿಗೆ ಹಿಡಿದೆ. ಬಳ್ಳಿ ಸವರುವ ಕವಾತು ಮುಗಿದ ಮೇಲೆ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡ ಆಳುಗಳು ಮದ್ದು ಹೊಡೆಯುತ್ತ ಹೋಗುವಾಗ ತೋಟದ ದಾರಿಯಲ್ಲೆಲ್ಲ ಬರುತ್ತದಲ್ಲ, ಆ ವಾಸನೆ.

ಬಾಟಲಿ ಎತ್ತಿ ಬೆಳಕಿಗೆ ಹಿಡಿದು ಓರೆ ಮಾಡಿದೆ. ಬಿಳಿ ಪುಡಿಯೊಳಗೆ ಮಾಸಲು ಪುಡಿ ಎಳೆ ಎಳೆಯಾಗಿ ಬೆರೆತಿತ್ತು. ನಾಲಿಗೆಗೆ ಇಟ್ಟು ನೋಡಿದ್ದರೆ ಗೊಜ್ಜು ಒಲೆಯ ಮೇಲಿದ್ದಾಗಲೇ ಗೊತ್ತಾಗುತ್ತಿತ್ತು. ಇಡುವ ಹಾಗಿರಲಿಲ್ಲವಲ್ಲ!

ಬಾಟಲಿ ಹಿಡಿದೇ ಹಿತ್ತಿಲ ಬಾಗಿಲಿನಿಂದ ಹೊರಗೆ ಓಡಿದೆ. ಹುಡುಗಿಯ ಅಪ್ಪ ಹೊಸ ಪಂಚೆಯಲ್ಲಿ ಕುಡಿಯುವ ನೀರಿನ ಕ್ಯಾನ್ ಇಳಿಸಿಕೊಳ್ಳುತ್ತಿದ್ದ. ಬಾಟಲಿ ತೋರಿಸಿ, "ಏನಪ್ಪಾ ಇದು?" ಅಂದೆ.

"ಅದ್ಯಾಕಕ್ಕಾ ನಿನ್ ಕೈಲಿ? ಬೂದಿ ರೋಗಕ್ಕೆ ಬೆರಸಿಟ್ಟ ಮರುಂದು ಅದು. ಆಪ್ಪ ಸೋಡಾ ಇತ್ತಲ್ಲ, ಅದ್ಕೇ ಇನ್ನೊಂದ್ ಮದ್ದ್ ಸೇರಿಸ್ದೆ. ಮಳೆಗೆ ಗಟ್ಟಿ ಕಟ್ಟತದೆ ಅಂತ ಒಲೆ ಮೇಲಕ್ಕೇ ಇಕ್ಕಿದ್ದೆ."

ನಮ್ಮ ಕಣಿವೆಯಲ್ಲಿ ಇದು ಹೊಸದೇನಲ್ಲ. ದ್ರಾಕ್ಷಿ ಎಲೆಗೆ ಬೂದಿ ಹಿಡಿದರೆ ಅಡುಗೆ ಸೋಡಾವನ್ನೇ ನೀರಿಗೆ ಹಾಕಿ ಹೊಡೆಯುವವರು ಬಹಳ ಜನ. ಅದರ ಜೊತೆ ಅಂಗಡಿಯ ಮದ್ದನ್ನೂ ಸೇರಿಸುತ್ತಾರೆ. ಮಳೆಗಾಲದಲ್ಲಿ ಪುಡಿ ಒಣಗಿರುವ ಜಾಗ ಎಂದರೆ ಒಲೆಯ ಮೇಲಿನ ಹಲಗೆ. ನನ್ನ ಅಪ್ಪನ ಮನೆಯಲ್ಲೂ ಹಾಗೇ ಇಡುತ್ತಿದ್ದರು. ಅಡುಗೆಮನೆಯ ಬಾಟಲಿಯನ್ನೇ ತೆಗೆದುಕೊಂಡು, ಅಲ್ಲೇ ಬೆರೆಸಿ, ಅಲ್ಲೇ ಇಟ್ಟು, ಹೆಂಡತಿಗೆ ಹೇಳುವುದನ್ನು ಮರೆತಿದ್ದ ಈ ಪುಣ್ಯಾತ್ಮ.

"ಇದನ್ನ ನಾನು ಚೀಸಿಗೆ ಹಾಕಿದೀನಿ," ಅಂದೆ. ಅವನ ಕೈಯಿಂದ ಕ್ಯಾನ್ ಜಾರಿತು. ಅವನು ಏನಂದನೋ ಕೇಳಲು ನಾನು ಅಲ್ಲಿರಲಿಲ್ಲ.

ಅಡುಗೆಮನೆ, ನಡುಮನೆ, ಹಜಾರ. ದಾರಿಯುದ್ದಕ್ಕೂ ಹೆಂಗಸರು ಕಾಲು ಚಾಚಿ ಕೂತಿದ್ದರು. ಯಾರದೋ ಸೀರೆ ತುಳಿದೆ, ಯಾರೋ ಬೈದರು. ಜನರ ತಲೆಗಳ ಮೇಲಿಂದ ನೋಡಿದರೆ ಹುಡುಗಿ ಮಣಿಕಟ್ಟಿನಿಂದ ಮೊಳಕೈವರೆಗೆ ಬಳೆ ಏರಿಸಿಕೊಂಡು, ಎರಡೂ ಕೆನ್ನೆಗೆ ಚಂದನ ಹಚ್ಚಿಸಿಕೊಂಡು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಳೆ. ಅವಳ ನಾದಿನಿಯ ಕೈಯಲ್ಲಿ ಚಿಪ್ಸ್, ಚಿಪ್ಸಿನ ತುದಿಯಲ್ಲಿ ಹಳದಿ ಗೊಜ್ಜು. ಹುಡುಗಿ ಬಾಯಿ ತೆರೆದಿದ್ದಳು.

"ಇರುಂಗೋ, ಇರುಂಗೋ, ಇನ್ನೊಂದ್ ಫೋಟೋ," ಎಂದ ಫೋಟೋದವನು. ಅವನ ಹೊಟ್ಟೆ ತಣ್ಣಗಿರಲಿ. ನಾದಿನಿ ಕೈಯನ್ನು ಹಾಗೇ ನಿಲ್ಲಿಸಿ ಕ್ಯಾಮರಾ ಕಡೆ ತಿರುಗಿ ನಕ್ಕಳು.

ವಿಷ ಎಂದು ಕೂಗಲು ನನ್ನ ಬಾಯಿ ಆಗಲೇ ತೆರೆದಿತ್ತು. ಕೂಗಿದ್ದರೆ ಹಜಾರವೆಲ್ಲ ಕೂಗುತ್ತಿತ್ತು. ಹುಡುಗಿ ತನ್ನ ಬಾಯಿಯ ಮುಂದಿರುವುದನ್ನು ನೋಡುತ್ತಿದ್ದಳು, ಆಮೇಲೆ ತನ್ನ ಹೊಟ್ಟೆಯನ್ನು. ಅವಳ ಅಮ್ಮ ನನ್ನ ಕೈ ಹಿಡಿದು ಹೇಳಿದ ಮಾತು ಗಂಟಲಿಗೆ ಅಡ್ಡ ಬಂತು. ಕೂಗದಿದ್ದರೂ ಕೆಟ್ಟಿತು, ಕೂಗಿದರೂ ಕೆಟ್ಟಿತು. ಏನು ಮಾಡಲಿ ಎಂದು ಯೋಚಿಸಲು ಹೊತ್ತಿಲ್ಲ. ನುಗ್ಗಿ ಹೋಗಿ ನಾದಿನಿಯ ಕೈಯಿಂದ ಚಿಪ್ಸ್ ಕಿತ್ತುಕೊಂಡು ಬೋಗುಣಿಯನ್ನು ಎದೆಗೆ ಅವುಚಿಕೊಂಡೆ.

"ತಿನ್ನಿಸ್ಬೇಡ, ಎಂಜಲು! ನಾನು ರುಚಿ ನೋಡ್ಬಿಟ್ಟೆ," ಅಂದೆ.

ಹುಡುಗಿಯ ಅತ್ತೆ ಶುರುಮಾಡಿದಳು. "ಎನ್ನಾ ಮನುಷಿ ಇವಳು! ಬಸುರಿ ಪಾಲಿಗೆ ಬೆರಳಿಕ್ಕಿದ್ದೀಯಲ್ಲ, ಅಷ್ಟ್ ಅವಸರವಾ ನಿನ್ ನಾಲಿಗೆಗೆ? ಇವಳನ್ನ ಯಾರ್ ಕರೆಸಿದ್ದು?" ಹಿಂದಿನಿಂದ ಇನ್ಯಾರೋ ಸೇರಿದರು. ಚೀಸು ಕಂಡಿಲ್ಲ ಪಾಪ, ತಡೆಯಕ್ಕಾಗ್ಲಿಲ್ಲ ಅಂದಳೊಬ್ಬಳು. ಕೆಲವರು ಕಿಸಕ್ಕೆಂದರು. ನಾನು ತಲೆ ತಗ್ಗಿಸಿ, "ತಪ್ಪಾಯ್ತು, ಬುದ್ಧಿ ಕೆಟ್ಟಿತ್ತು," ಎಂದೆ. ಹುಡುಗಿ ನನ್ನ ಮುಖ ನೋಡಿ ಸುಮ್ಮನೆ ನಕ್ಕಳು. ನಕ್ಕಳಲ್ಲ, ಅಷ್ಟು ಸಾಕಾಗಿತ್ತು.

ಬೋಗುಣಿ ಹೊತ್ತು ಹಿತ್ತಿಲಿಗೆ ಬಂದೆ. ಹುಡುಗಿಯ ಅಪ್ಪ ಆಗಲೇ ಹಾರೆ ಹಿಡಿದು ಬಾವಿಯಾಚೆ ಗುಂಡಿ ತೋಡುತ್ತಿದ್ದ. ಹಸುಗಳು ಮುಟ್ಟಬಾರದು, ಕೋಳಿ ಕೆದಕಬಾರದು, ಹಾಗಾಗಿ ಆಳವಾಗಿಯೇ ತೋಡಬೇಕಿತ್ತು. ಮಳೆ ಅವನ ಬೆನ್ನ ಮೇಲೆ ಹನಿಯುತ್ತಿತ್ತು, ಹೊಸ ಪಂಚೆಯೆಲ್ಲ ಕೆಸರು. "ನಾನೇ ಕೊಂದ್ಬಿಡ್ತಿದ್ನಲ್ಲಕ್ಕಾ," ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ಬೋಗುಣಿ ಸಮೇತ ಹೂತೆವು, ಬಾಟಲಿಯನ್ನೂ.

ಹಿಂದೆಯೇ ಓಡಿಬಂದ ಅಮ್ಮನಿಗೆ ನಿಜ ಹೇಳಬೇಕಾಯಿತು. ಅವಳು ಬಾವಿಕಟ್ಟೆಯ ಮೇಲೆ ಕೂತಳು. ತುಟಿ ಬಿಳುಚಿಕೊಂಡಿತ್ತು.

"ಒಳಗೋಗಿ ಎಲ್ರಿಗೂ ಯೋಳ್ಬಿಡ್ತೀನಿ. ತಪ್ಪ್ ನಮ್ದು, ಪಳಿ ನಿನ್ ಮೇಲ್ ಯಾಕಕ್ಕಾ?"

"ಬಾಯ್ಮುಚ್ಚು," ಅಂದೆ. "ಅವಳು ಹೆತ್ತು ಮಡಿಲಲ್ಲಿ ಮಲಗಿಸ್ಕೊಂಡ ಮೇಲೆ ಊರಿಗೆಲ್ಲ ಡಂಗುರ ಹೊಡಿ. ಇವತ್ತು ಮುಖ ತೊಳ್ಕೊಂಡು ನಗ್ತಾ ಹೋಗು."

ಅವಳು ಹೋದಳು. ಅಡುಗೆಮನೆಗೆ ಬಂದ ಮೇಲೆ ನನಗೆ ಇನ್ನೊಂದು ಹೆದರಿಕೆ ಶುರುವಾಯಿತು. ಗೊಜ್ಜು ತಿರುಗಿಸಿದ ಸೌಟು! ಅದನ್ನು ಎಲ್ಲಿಟ್ಟಿದ್ದೆ? ಚಿತ್ರಾನ್ನದ ಪಾತ್ರೆಯ ಮುಚ್ಚಳದ ಮೇಲೆ. ಮುಚ್ಚಳ ಸ್ವಲ್ಪ ಸರಿದಿತ್ತು. ಅದರಿಂದ ಒಂದು ತೊಟ್ಟು ಒಳಗೆ ಬಿದ್ದಿತ್ತೋ ಇಲ್ಲವೋ, ಆಣೆಯಿಟ್ಟು ಹೇಳುವವರು ಯಾರು? ಬಡಿಸಲು ಬಂದ ಹೆಂಗಸರನ್ನು ತಡೆದು, ಚಿತ್ರಾನ್ನ ಕೆಟ್ಟಿದೆ, ಬಡಿಸಬೇಡಿ ಅಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದೇ ದಿನದಲ್ಲಿ ಕದ್ದು ತಿನ್ನುವವಳು, ಅನ್ನ ಕೆಡಿಸುವವಳು ಎರಡೂ ಆದೆ. ಪಾತ್ರೆ, ಕೈಬಟ್ಟೆ, ಒಲೆಕಟ್ಟೆ ಎಲ್ಲವನ್ನೂ ಉಜ್ಜಿದೆ. ಉಜ್ಜಿದ್ದನ್ನೇ ಮತ್ತೆ ಉಜ್ಜಿದೆ. ಹಜಾರದಲ್ಲಿ ಯಾರಾದರೂ ಕೆಮ್ಮಿದರೂ ಜೀವ ಬಾಯಿಗೆ ಬರುತ್ತಿತ್ತು. ನಾನು ಬಡಿಸಲು ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ.

ಊಟ ಮುಗಿಯಿತು. ದಿಂಡಿಗಲ್ ಕಡೆಯವರು ವ್ಯಾನ್ ಹತ್ತಿದರು. ಹೋಗುತ್ತ ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸದ್ಯ, ಯಾರಿಗೂ ಏನೂ ಆಗಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಹೊರಡಲು ನಿಂತಿದ್ದೆ. ಬಳೆ ಸದ್ದು ಕೇಳಿ ತಿರುಗಿದರೆ ಹುಡುಗಿ ಬಾಗಿಲಲ್ಲಿ.

"ದೊಡ್ಡವ್ವಾ, ನೀ ರುಚಿ ನೋಡ್ಲೇ ಇಲ್ಲ," ಅಂದಳು.

"ನೋಡ್ದೆ, ನನ್ನ ಕಣ್ಣು. ಒಂದ್ ಬೆರಳು, ಬುದ್ಧಿ ಕೆಟ್ಟು..."

"ಪೊಯ್ ಹೇಳ್ಬೇಡ. ಎಂಜಲಾದ್ರೆ ಹಸೂಗೆ ಇಕ್ಕ್ತಾರೆ. ಯಾರಾದ್ರೂ ಹೂತಾಕ್ತಾರಾ? ಮಳೇಲಿ ಹೊಸ ಪಂಚೆ ಉಟ್ಕಂಡ್ ಅಪ್ಪ ಗುಂಡಿ ತೋಡದ ಕಿಟಕೀಲಿ ನೋಡ್ತಾನೇ ಇದ್ದೆ."

ಕಿಟಕಿ ಪಕ್ಕದ ಕುರ್ಚಿ ನನ್ನ ತಲೆಗೇ ಹೊಳೆದಿರಲಿಲ್ಲ.

"ಅಷ್ಟೊತ್ತಿಂದ ಗೊತ್ತಿತ್ತಾ? ಮತ್ತೆ ನಗ್ತಾ ಕೂತಿದ್ದೆಯಲ್ಲೇ ತಾಯಿ?"

"ಅಮ್ಮ ಹಿತ್ತಿಲಿಂದ ಬಂದ್ಲಲ್ಲ, ಅವಳ ಮುಖ ನೀ ನೋಡ್ಬೇಕಿತ್ತು. ನಾ ಹೆದ್ರಿದ್ದು ತಿಳಿದಿದ್ರೆ ಅವಳು ಅಲ್ಲೇ ಬಿದ್ದೋಗ್ತಿದ್ಲು." ಹಾಗೆನ್ನುತ್ತ ನನ್ನ ಕೈ ಹಿಡಿದಳು. ಅವಳ ಬೆರಳುಗಳು ಮಂಜಿನ ಹಾಗೆ ತಣ್ಣಗಿದ್ದವು. ಮೊಳಕೈವರೆಗಿನ ಬಳೆಗಳೆಲ್ಲ ತಾವಾಗಿಯೇ ಸದ್ದು ಮಾಡುತ್ತಿದ್ದವು. ಆ ನಡುಕ ನೋಡಿ ನನಗೆ ಅಳು ಬಂತು. ಹೆದರಿಕೆಯನ್ನೆಲ್ಲ ನಾನೊಬ್ಬಳೇ ಹೊತ್ತುಕೊಂಡಿದ್ದೇನೆ ಎಂದುಕೊಂಡಿದ್ದೆ. ಅವಳು ಆಗಿನಿಂದಲೂ ಕೆನ್ನೆಗೆ ಚಂದನ ಹಚ್ಚಿಕೊಂಡು ಎಲ್ಲರ ಮುಂದೆ ನಡುಗುತ್ತಲೇ ಕೂತಿದ್ದಳು.

ಅವಳನ್ನು ಮಣೆಯ ಮೇಲೆ ಕೂರಿಸಿ, ನೀರು ಕುಡಿಸಿ, ನಡೆದದ್ದನ್ನೆಲ್ಲ ಹೇಳಿದೆ. ಅದು ನಿನ್ನ ತುಟಿಗೆ ತಾಗಿತ್ತೇ ಎಂದು ಕೇಳಿದೆ, ಮತ್ತೆ ಮತ್ತೆ ಕೇಳಿದೆ. ಇಲ್ಲ ಅಂದಳು. ಪಿಳ್ಳೆ ಆಡುತ್ತಿದೆ, ನೋಡು ಎಂದು ನನ್ನ ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಒಂದು ಒದೆತ ಬಿತ್ತು. ಆಗ ನನ್ನ ಉಸಿರು ಕೆಳಗಿಳಿಯಿತು.

"ಚೀಸ್ ಉಳಿದಿದೆಯಾ?" ಅಂದಳು.

"ಇದೆ. ಬೇಡ ಕಣ್ಣು. ನನ್ನ ಕೈ ಇವತ್ತು ಸರಿಯಿಲ್ಲ."

"ನಿನ್ ಕೈಯಿಂದಾನೇ ಬೇಕು. ನಾ ಇಲ್ಲೇ ಕೂತಿರ್ತೀನಿ. ಈ ಬಯಕೆ ಹಂಗೇ ಉಳಿದ್ರೆ ಹೆರೋವರ್ಗೂ ಇದೇ ಗುಂಡಿ ಕನಸಲ್ ಬತ್ತದೆ."

ಅಪ್ಪ ಗಾಡಿಯಲ್ಲಿ ಹೋಗಿ ಅಂಗಡಿಯಿಂದ ಸೋಡಾದ ಹೊಸ ಪೊಟ್ಟಣ ತಂದ. ಹುಡುಗಿಯೇ ಅದನ್ನು ಹಲ್ಲಲ್ಲಿ ಹರಿದಳು. ನಿಂಬೆರಸ ಸೋಸಿದೆ. ಸೋಡಾ ಬಿದ್ದು, ನೊರೆ ಎದ್ದು, ನಿಂತು, ನೀರು ತಿಳಿಯಾಗಿ ಪಾತ್ರೆಯ ತಳ ಕಾಣಿಸಿತು. ಇಬ್ಬರೂ ಬಗ್ಗಿ ನೋಡಿದೆವು. ಹಾಲು ಹಾಕಿದೆ, ಚೀಸ್ ಹಿಡಿ ಹಿಡಿಯಾಗಿ ಹಾಕಿದೆ, ಸೌಟು ತಿರುಗಿಸಿದೆ. ಎಲ್ಲ ಕಣ್ಣೆದುರೇ ಮಾಡಿದ್ದು, ಹೊಸ ಪೊಟ್ಟಣ, ತೊಳೆದ ಪಾತ್ರೆ. ಆದರೂ ಭಯ ಇಳಿಯಲೊಲ್ಲದು.

ಬಟ್ಟಲಿಗೆ ಬಡಿಸಿದೆ. ಹುಡುಗಿ ಒಂದು ಚಿಪ್ಸ್ ತೆಗೆದು, ಅದ್ದಿ, ನನ್ನ ಬಾಯಿಯ ಹತ್ತಿರ ಹಿಡಿದಳು.

ಬಾಗಿಲಲ್ಲಿ ನಿಂತಿದ್ದ ಅಮ್ಮ, "ಅಯ್ಯೋ, ಶಾಸ್ತ್ರ!" ಅಂದಳು.

"ಬಸುರಿ ನಾನು ತಾನೆ? ಮೊದಲು ದೊಡ್ಡವ್ವ ತಿನ್ಲಿ," ಅಂದಳು ಹುಡುಗಿ.

ಇಷ್ಟು ವರ್ಷದ ಕೆಲಸದಲ್ಲಿ ಮೊದಲ ಸಲ ಬಯಕೆಯ ಅಡುಗೆ ನನ್ನ ಬಾಯಿಗೆ ಬಂತು. ಅಗಿದೆ. ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ನುಂಗಿದೆ.

"ಎಂಗಿದೆ?" ಎಂದು ಕೇಳಿದಳು.

"ಒಂಚೂರು ಉಪ್ಪು ಕಮ್ಮಿ."

ಅವಳು ಕಣ್ಣರಳಿಸಿ, "ಅಂಗಾದ್ರೆ ಇಷ್ಟ್ ವರ್ಷ ಎಲ್ಲಾ ಬಸುರೀರ್ಗೂ ಉಪ್ಪಿಲ್ಲದ್ದೇ ಇಕ್ಕಿದ್ದೀಯಾ?" ಎಂದು ನಕ್ಕಳು. ಈ ಸಲ ನಿಜವಾಗಿಯೇ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕು, ಬಾಯಿ ತೆರೆದು ಕೂತಳು.

ನಾನು ಉಪ್ಪು ಉದುರಿಸಿ, ಕಲಕಿ, ಇನ್ನೊಮ್ಮೆ ನನ್ನ ನಾಲಿಗೆಗೆ ಇಟ್ಟು ನೋಡಿ, ಆಮೇಲೆ ಅವಳ ಬಾಯಿಗೆ ಕೊಟ್ಟೆ.